ಒಂದು ಹನಿ ಹಾಕಿ ನೋಡೇ

ಅಕ್ಕನ ಬಾಣಂತನ ನಮ್ಮ ಮನೆಯಲ್ಲೇ ಆಯಿತು. ಕೂಸು ಹುಟ್ಟಿ ಹತ್ತು-ಹನ್ನೆರಡು ದಿನ ಆಗಿರಬೇಕು, ಒಂದು ಬೆಳಿಗ್ಗೆ ಆಯಿ ಕಾರವಾರದ ಮೀನು ಪೇಟೆಗೆ ಹೋಗಿ ಮರಿ ಮೋರಿ ತಂದಳು. ಮೋರಿ ಅಂದರೆ ಶಾರ್ಕ್ ಮೀನು. ಘಟ್ಟದ ಮೇಲಿನವರಿಗೆ ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಗಟಾರದ ಮೋರಿ ಅಂದುಕೊಂಡು ಮುಖ ಕಿವುಚುತ್ತಾರೆ. ಎದೆಹಾಲು ಜಾಸ್ತಿ ಆಗಲಿ ಎಂದು ಬಾಣಂತಿಗೆ ಮರಿ ಮೋರಿಯನ್ನು ಬೆಳ್ಳುಳ್ಳಿ, ಕಾಳುಮೆಣಸು ಹಾಕಿ ಮಾಡಿಕೊಡುವುದು ನಮ್ಮ ಮನೆಯಲ್ಲಿ ಅಜ್ಜಿಯ ಕಾಲದಿಂದ ಬಂದದ್ದು. ಅದರ ಚರ್ಮ ಮರಳು ಕಾಗದದ ಹಾಗೆ ಒರಟು. ಬಿಸಿನೀರು ಹೊಯ್ದು ಉಜ್ಜಬೇಕು. ಆಯಿ ಮೆಟ್ಟುಗತ್ತಿಯ ಮುಂದೆ ಕೂತು ಅದನ್ನೇ ಮಾಡುತ್ತಿದ್ದವಳು ತಲೆ ಎತ್ತದೆ ಕೇಳಿದಳು. "ದೊಡ್ಡ ಮೀನಲ್ಲಿ ಪಾದರಸ ಇರ್ತದಂತೆ, ಟಿವಿಯಲ್ಲಿ ಹೇಳ್ತಿದ್ರು. ನೀನು ಅದನ್ನೇ ಎರಡು ವರ್ಷ ಕಲ್ತದ್ದಲ್ವೇನೆ? ಒಂದು ಹನಿ ಹಾಕಿ ನೋಡೇ, ಇದ್ರಲ್ಲಿ ಇದೆಯೋ ಇಲ್ವೋ."

"ಅದು ಹಾಗೆಲ್ಲ ಆಗೂದಿಲ್ಲ ಆಯಿ" ಅಂದೆ.

"ಮತ್ತೆ ಎಂತಕ್ಕೆ ಕಲ್ತದ್ದು?"

ಸಿಟ್ಟಿನಿಂದ ಕೇಳಿದ್ದಲ್ಲ. ಕುಕ್ಕರ್ ಇದ್ದರೆ ಅನ್ನ ಆಗಬೇಕಲ್ವಾ, ಅಷ್ಟೇ ಸರಳವಾಗಿ ಕೇಳಿದಳು. ಉತ್ತರಕ್ಕೆ ಕಾಯದೆ ಎದ್ದು ಬೆಳ್ಳುಳ್ಳಿ ಜಜ್ಜಲು ಹೋದಳು. ನನಗೆ ಮಾತ್ರ ಆ ಮಾತು ಗಂಟಲಿಗೆ ಸಿಕ್ಕ ಮುಳ್ಳಿನ ಹಾಗೆ ಉಳಿಯಿತು. ಎಂ.ಎಸ್ಸಿ.ಯಲ್ಲಿ ನಾನು ಮಾಡಿದ ಪ್ರಾಜೆಕ್ಟು ಪಾದರಸ ಪತ್ತೆ ಹಚ್ಚುವ ಫ್ಲೋರೊಸೆಂಟ್ ಪ್ರೋಬಿನದ್ದು. ಪಾದರಸ ಇದ್ದರೆ ಹೊಳೆಯುವ ಹನಿ. ಅದರ ಚಿತ್ರ ಮನೆಗೆ ಕಳಿಸಿದಾಗ ಆಯಿ ಊರಿಗೆಲ್ಲ ತೋರಿಸಿದ್ದಳು. ಈಗ ಮೀನು ಎದುರಿಗಿದೆ, ಹನಿ ಕೇಳಿದರೆ ಆಗುವುದಿಲ್ಲ ಅನ್ನುತ್ತೇನೆ. ಯಾಕೆ ಆಗುವುದಿಲ್ಲ ಎಂದು ನನಗೇ ಸರಿಯಾಗಿ ಬಿಡಿಸಿ ಹೇಳಲು ಬರಲಿಲ್ಲ. ಅದಕ್ಕೇ ಈ ಬರಹ.

ಗೋಬಿ ಮಂಚೂರಿಯ ಬಣ್ಣ

2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೂ ಬೊಂಬಾಯಿ ಮಿಠಾಯಿಗೂ ಕೃತಕ ಬಣ್ಣ ಹಾಕಬಾರದು ಎಂದು ಆದೇಶ ಮಾಡಿದ್ದು ನೆನಪಿರಬೇಕು. ಆಗ ಪೇಪರಿನಲ್ಲಿ ದಿನವೂ ಬಂದ ಹೆಸರು ರೋಡಮಿನ್-ಬಿ. ಅದನ್ನು ಓದಿದಾಗ ನನಗೆ ಹಳೇ ಸಹಪಾಠಿ ಸಿಕ್ಕ ಹಾಗಾಯಿತು. ನನ್ನ ಪ್ರೋಬಿನ ಮೂಲವಸ್ತು ಅದೇ. ಎರಡು ವರ್ಷ ನನ್ನ ಉಗುರಿನ ಸಂದಿಯಲ್ಲಿ, ಏಪ್ರನ್ ಮೇಲೆ, ಒಮ್ಮೆ ಹಾಸ್ಟೆಲಿನ ದಿಂಬಿನ ಮೇಲೂ ಇದ್ದದ್ದು ಅದೇ ಗುಲಾಬಿ.

ರೋಡಮಿನ್ ಬರೀ ಬಣ್ಣ ಅಲ್ಲ, ಹೊಳೆಯುವ ಬಣ್ಣ. ಅದರ ಮೇಲೆ ಹಸಿರು ಬೆಳಕು ಬಿಟ್ಟರೆ ಅದನ್ನು ನುಂಗಿ ಕಿತ್ತಳೆ ಬೆಳಕು ಉಗುಳುತ್ತದೆ. ಇದಕ್ಕೇ ಫ್ಲೋರೊಸೆನ್ಸ್ ಅನ್ನುವುದು. ಪಠ್ಯಪುಸ್ತಕದಲ್ಲಿ ಪ್ರತಿದೀಪ್ತಿ ಅಂತಿರುತ್ತದೆ, ಹಾಗೆ ಮಾತಾಡಿದವರನ್ನು ನಾನಂತೂ ನೋಡಿಲ್ಲ. ಅಂಗಡಿಯವರು ಐನೂರರ ನೋಟನ್ನು ನೀಲಿ ದೀಪದ ಕೆಳಗೆ ಹಿಡಿದಾಗ ಮಿಂಚುವುದೂ ಇದೇ. ಕೆಲವು ವರ್ಷ ಕಾರವಾರದ ಬೀಚಿನಲ್ಲಿ ರಾತ್ರಿ ಅಲೆಗಳು ನೀಲಿಯಾಗಿ ಮಿನುಗುತ್ತವಲ್ಲ, ಅದು ಬೇರೆ. ಅಲ್ಲಿ ನೀರಿನ ಸಣ್ಣ ಜೀವಿಗಳು ತಮ್ಮ ಮೈಯಲ್ಲೇ ಬೆಳಕು ಹುಟ್ಟಿಸುತ್ತವೆ. ಫ್ಲೋರೊಸೆನ್ಸ್‌ನದ್ದು ಕಡ ತಂದ ಬೆಳಕು. ಕೊಟ್ಟರೆ ತಿರುಗಿ ಕೊಡುತ್ತದೆ, ಸ್ವಲ್ಪ ಕಡಿಮೆ ಮಾಡಿ.

ಈ ರೋಡಮಿನ್‌ಗೆ ಹೈಡ್ರಜೀನ್ ಹಾಕಿ ಮದ್ಯಸಾರದಲ್ಲಿ ಕುದಿಸುತ್ತಾ ಹೋದರೆ ಕಡು ಗುಲಾಬಿ ಮೆಲ್ಲಗೆ ಮಾಸುತ್ತದೆ. ಅಣುವಿನ ಒಳಗೆ ಒಂದು ಉಂಗುರ ಮುಚ್ಚಿಕೊಳ್ಳುತ್ತದೆ, ಬಣ್ಣವೂ ಹೋಗುತ್ತದೆ, ಹೊಳಪೂ ಹೋಗುತ್ತದೆ. ಆ ಉಂಗುರಕ್ಕೆ ಗಂಧಕ ಇರುವ ಒಂದು ಕೊಂಡಿ ಸೇರಿಸಿಬಿಟ್ಟರೆ ಬೀಗ ತಯಾರು. ಆಮೇಲೆ ಪಾದರಸ ಬಂದು ಆ ಗಂಧಕವನ್ನು ಕಿತ್ತುಕೊಂಡು ಹೋಗುತ್ತದೆ, ಉಂಗುರ ತೆರೆಯುತ್ತದೆ, ಗುಲಾಬಿ ಮತ್ತೆ ಬರುತ್ತದೆ. ಕಿತ್ತ ಗಂಧಕ ವಾಪಸ್ ಬರುವುದಿಲ್ಲ, ಆದ್ದರಿಂದ ಒಂದು ಸಲ ಹೊತ್ತಿದ ಹನಿ ಮತ್ತೆ ಆರುವುದಿಲ್ಲ. ಮೊದಲ ಸಲ ಅದು ಆದ ದಿನ ನಾನು ಪಕ್ಕದ ಲ್ಯಾಬಿನವರನ್ನೆಲ್ಲ ಕರೆದು ತೋರಿಸಿದ್ದೆ. ನೀರಿನ ಹಾಗಿದ್ದ ದ್ರಾವಣಕ್ಕೆ ಒಂದೇ ಹನಿ ಬಿದ್ದದ್ದು, ದಾಸವಾಳ ಅರಳಿದ ಹಾಗೆ ಆಯಿತು. ಕತ್ತಲೆ ಡಬ್ಬಿಯೊಳಗೆ ಇಟ್ಟು ಯು.ವಿ. ದೀಪ ಹಾಕಿದರೆ ಕೆಂಡ.

ಇಲ್ಲೊಂದು ತಮಾಷೆ ಇದೆ. ನಾವು ಹಚ್ಚುತ್ತಿದ್ದ ಆ ಯು.ವಿ. ದೀಪದ ಒಳಗೆ ಇದ್ದದ್ದು ಪಾದರಸದ ಆವಿ. ಮನೆಯ ಹಳೇ ಟ್ಯೂಬ್‌ಲೈಟಿನಲ್ಲೂ ಅದೇ. ಪಾದರಸ ಹುಡುಕಲು ಪಾದರಸದ ದೀಪ. ಇದು ನನಗೆ ಹೊಳೆದದ್ದು ಪ್ರಾಜೆಕ್ಟು ಮುಗಿದ ಎಷ್ಟೋ ದಿನದ ಮೇಲೆ, ಅದೂ ಒಂದು ದೀಪ ಕೈಜಾರಿ ಒಡೆದ ಮೇಲೆ.

ಗಂಧಕದ ಆಸೆ

ಪಾದರಸಕ್ಕೆ ಗಂಧಕ ಅಂದರೆ ಪ್ರಾಣ. ಆಯುರ್ವೇದದ ರಸಶಾಸ್ತ್ರದವರಿಗೆ ಇದು ಶತಮಾನಗಳಿಂದ ಗೊತ್ತು. ಎರಡನ್ನೂ ಕಲ್ವದಲ್ಲಿ ಅರೆದರೆ ಹೊಳಪೆಲ್ಲ ಹೋಗಿ ಕಪ್ಪು ಪುಡಿ ಆಗುತ್ತದೆ, ಅದೇ ಕಜ್ಜಲಿ. ಲ್ಯಾಬಿನಲ್ಲಿ ಥರ್ಮಾಮೀಟರ್ ಒಡೆದರೆ ನೆಲದ ಮೇಲೆ ಗಂಧಕದ ಪುಡಿ ಉದುರಿಸಿ ಎಂದು ನಮಗೂ ಕಲಿಸಿದ್ದರು. 1830ರ ದಶಕದಲ್ಲಿ ಡೆನ್ಮಾರ್ಕಿನ ಜೈಸೆ ಎಂಬ ಕೆಮಿಸ್ಟ್ ಗಂಧಕ ಇರುವ ಒಂದು ಜಾತಿಯ ರಾಸಾಯನಿಕಗಳಿಗೆ ಮರ್‌ಕ್ಯಾಪ್ಟನ್ ಎಂದು ಹೆಸರಿಟ್ಟ. ಲ್ಯಾಟಿನ್‌ನಲ್ಲಿ ಅದರ ಅರ್ಥ ಪಾದರಸ ಹಿಡಿಯುವುದು ಅಂತ. ಅಡುಗೆ ಗ್ಯಾಸು ಸೋರಿದಾಗ ಮೂಗಿಗೆ ಬಡಿಯುವ ನಾತ ಈ ಜಾತಿಯದ್ದೇ.

ಪ್ರೋಬ್ ಮಾಡುವವರೆಲ್ಲ ಹೆಚ್ಚುಕಡಿಮೆ ಈ ಒಂದು ಆಸೆಯ ಮೇಲೆ ಬದುಕಿದವರು. 1992ರಲ್ಲಿ ಅಮೆರಿಕದ ಝಾರ್ನಿಕ್ ಮತ್ತು ಅವರ ಜೊತೆಯವರು ನೀರಿನಲ್ಲೇ ಕೆಲಸ ಮಾಡುವ, ಪಾದರಸ ಸಿಕ್ಕರೆ ಹೊಳೆಯುವ ಅಣು ಮಾಡಿದರು. ಇದು ದೊಡ್ಡ ಸಂಗತಿ, ಯಾಕೆಂದರೆ ಪಾದರಸದಂಥ ಭಾರದ ಪರಮಾಣು ಹತ್ತಿರ ಬಂದರೆ ಸಾಮಾನ್ಯವಾಗಿ ಹೊಳಪು ಆರಿಹೋಗುತ್ತದೆ. ಆರುವುದನ್ನು ನೋಡಿ ಪಾದರಸ ಇದೆ ಅನ್ನುವುದು ಕಷ್ಟ. ದೀಪ ಆರಲು ನೂರು ಕಾರಣ ಇರುತ್ತವಲ್ಲ. ಆಮೇಲೆ 2005ರಲ್ಲಿ ದಕ್ಷಿಣ ಕೊರಿಯಾದವರು ರೋಡಮಿನ್ ಕುಟುಂಬದ ಬಣ್ಣಕ್ಕೆ ಗಂಧಕದ ಕೊಂಡಿ ಹಾಕುವ ಉಪಾಯ ತಂದರು. ಮಾರನೇ ವರ್ಷ ಜೀವಂತ ಕೋಶಗಳಲ್ಲೂ ಝೀಬ್ರಾಫಿಶ್ ಎಂಬ ಪುಟ್ಟ ಮೀನಿನ ಮೈಯೊಳಗೂ ಪಾದರಸ ಹೊಳೆಯುವುದನ್ನು ತೋರಿಸಿದರು. ಅಲ್ಲಿಂದ ಮುಂದೆ ನೆರೆ ಬಂದ ಹಾಗೆ ಪ್ರೋಬುಗಳು. ನನ್ನದೂ ಆ ನೆರೆಯಲ್ಲಿ ತೇಲಿಬಂದ ಒಂದು ಕಡ್ಡಿ. ಕೊಂಡಿಯ ತುದಿಯಲ್ಲಿ ಪರಮಾಣುಗಳ ಒಂದು ಗುಂಪು ಬದಲಿಸಿದ್ದೆವು, ಅದಕ್ಕೇ ಹೊಸದು.

ಕಾಳಿಯ ನೀರು

ಕೊನೆಯ ಸೆಮಿಸ್ಟರಿನಲ್ಲಿ ಗೈಡ್ ಹೇಳಿದರು, ನಿಜವಾದ ನೀರಿನ ಸ್ಯಾಂಪಲ್ ಒಂದು ಇದ್ದರೆ ಸಂಶೋಧನಾ ಪೇಪರಿಗೆ ತೂಕ ಬರುತ್ತದೆ ಅಂತ. ಕಾಲೇಜು ಇದ್ದದ್ದು ಘಟ್ಟದ ಮೇಲೆ. ನಮ್ಮೂರಿನ ಕಾಳಿ ನದಿ ತರುತ್ತೇನೆ ಎಂದು ನಾನೇ ಹೇಳಿದೆ. ಏಪ್ರಿಲ್ ತಿಂಗಳು. ಸದಾಶಿವಗಡದ ಕಡೆ ಇಳಿತದ ಹೊತ್ತಿನಲ್ಲಿ ಹೆಂಗಸರು ಸೊಂಟದವರೆಗೆ ನೀರಿನಲ್ಲಿ ನಿಂತು ಕೆಸರಿನಿಂದ ಖುಬೆ, ಅಂದರೆ ಚಿಪ್ಪುಮೀನು, ಆರಿಸುತ್ತಿದ್ದರು. ಚಿಪ್ಪಿನ ಬುಟ್ಟಿ ಪಕ್ಕದಲ್ಲಿ ತೇಲುತ್ತಿತ್ತು. ನಾನು ಖಾಲಿ ನೀರಿನ ಬಾಟ್ಲಿಗಳನ್ನು ಹಿಡಿದು ಕೆಸರಿಗೆ ಇಳಿದದ್ದನ್ನು ನೋಡಿ ಒಬ್ಬರು ಕೇಳಿದರು.

"ಎಂತಕ್ಕೆ ಬಾಯಿ ಈ ನೀರು?"

"ಪರೀಕ್ಷೆಗೆ ಅಕ್ಕ."

"ಹೊಳೆ ಪಾಸಾಗ್ತದಾ ನೋಡು ಹಾಗಾದ್ರೆ" ಅಂದು ನಕ್ಕರು.

ಆರು ಬಾಟ್ಲಿ ತುಂಬಿಕೊಂಡು ಹುಬ್ಬಳ್ಳಿ ಬಸ್ಸು ಹತ್ತಿದೆ. ಅರಬೈಲ್ ಘಟ್ಟ ಹತ್ತುವಾಗ ಚೀಲ ಉರುಳಿ ಬಾಟ್ಲಿಗಳು ಸೀಟಿನ ಕೆಳಗೆ ಓಡಿದವು. ಕಂಡಕ್ಟರ್ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, ನನ್ನ ಮುಖ ನೋಡಿ, ಮೆಲ್ಲಗೆ "ಗೋವಾ ಮಾಲಾ?" ಅಂದರು. ಕಾರವಾರದಿಂದ ಬರುವ ಬಣ್ಣವಿಲ್ಲದ ಬಾಟ್ಲಿಗೆ ಬೇರೆ ಅರ್ಥವೇ ಇಲ್ಲ. ಮುಚ್ಚಳ ತೆಗೆದು ಮೂಸಿದರು. ಕೆಸರಿನ ವಾಸನೆ. ನನಗೆ ವಾಪಸ್ ಕೊಟ್ಟು ಅಯ್ಯೋ ಪಾಪ ಅನ್ನುವ ಹಾಗೆ ನೋಡಿ ಮುಂದೆ ಹೋದರು.

ಲ್ಯಾಬಿನಲ್ಲಿ ಆ ನೀರಿಗೆ ಪ್ರೋಬ್ ಹಾಕಿದೆವು. ಏನೂ ಆಗಲಿಲ್ಲ. ನಾನು ಖುಷಿಪಟ್ಟೆ, ನಮ್ಮ ಹೊಳೆ ಪಾಸು ಅಂತ. ಗೈಡ್‌ಗೆ ಖುಷಿಯೂ ಇಲ್ಲ, ಬೇಸರವೂ ಇಲ್ಲ. ಈಗ ಪಾದರಸ ಸೇರಿಸಿ ಅಂದರು. ಅಳೆದ ಪ್ರಮಾಣದಲ್ಲಿ ಮರ್ಕ್ಯುರಿಕ್ ಕ್ಲೋರೈಡ್ ಎಂಬ ಪಾದರಸದ ಲವಣ ಹಾಕಿದೆವು, ಹೊಳೆಯಿತು. ಎಷ್ಟು ಹಾಕಿದೆವು, ಎಷ್ಟು ಸಿಕ್ಕಿತು ಎಂದು ಪಟ್ಟಿ ಬರೆದೆವು. ನಾವೇ ಬಚ್ಚಿಟ್ಟು ನಾವೇ ಹುಡುಕಿದ ಹಾಗೆ. ಇದು ಮೋಸ ಅಲ್ಲ, ತಪ್ಪು ತಿಳಿಯಬೇಡಿ. ಹೊಳೆಯ ನೀರಿನಲ್ಲಿ ಇರುವ ನೂರೆಂಟು ವಸ್ತುಗಳು ಪ್ರೋಬಿಗೆ ಅಡ್ಡ ಬರುತ್ತವೋ ಇಲ್ಲವೋ ನೋಡಲು ಎಲ್ಲರೂ ಮಾಡುವ ಪದ್ಧತಿ ಇದು. ಆದರೆ ಬರೆಯುವಾಗ ನಾವು ಕೊಟ್ಟ ತಲೆಬರಹ ‘ಕಾಳಿ ನದಿಯ ನೀರಿನಲ್ಲಿ ಪಾದರಸ ಪತ್ತೆ’. ಓದಿದವರು ಏನು ತಿಳಿಯುತ್ತಾರೆ ಹೇಳಿ? ಪತ್ತೆಯಾದದ್ದು ನಮ್ಮ ಬಾಟ್ಲಿಯ ಪಾದರಸ.

ಅಷ್ಟೂ ಪೂರ್ತಿ ಪತ್ತೆಯಾಗಲಿಲ್ಲ. ಬಟ್ಟಿ ಇಳಿಸಿದ ನೀರಿಗೆ ಹೋಲಿಸಿದರೆ ಕಾಳಿ ನೀರಿನಲ್ಲಿ ಹೊಳಪು ಮಂಕಾಗಿತ್ತು. ಬೇಸಿಗೆಯಲ್ಲಿ ಸಮುದ್ರದ ಉಪ್ಪು ಹೊಳೆಯೊಳಗೆ ತುಂಬಾ ದೂರ ನುಗ್ಗುತ್ತದೆ. ಉಪ್ಪಿನ ಕ್ಲೋರೈಡು ಪಾದರಸವನ್ನು ಸುತ್ತುವರಿದು ಹಿಡಿದುಕೊಂಡರೆ ಪ್ರೋಬಿನ ಗಂಧಕಕ್ಕೆ ಅದು ಸುಲಭವಾಗಿ ಸಿಗುವುದಿಲ್ಲ. ಹುಳಿಯಾದರೆ ಇನ್ನೊಂದು ಫಜೀತಿ. ರೋಡಮಿನ್ ಉಂಗುರ ಹುಳಿಗೂ ತೆರೆದುಕೊಳ್ಳುತ್ತದೆ, ಪಾದರಸ ಇಲ್ಲದಿದ್ದರೂ ಗುಲಾಬಿ. ಅಂದರೆ ಆಯಿ ಮುರುಗಲು ಸಿಪ್ಪೆ ಹಾಕಿ ಮಾಡಿದ ಸಾರಿಗೆ ನನ್ನ ಹನಿ ಬಿದ್ದರೆ ಅದು ಕೂಗಿಯೇ ಕೂಗುತ್ತದೆ.

ಇನ್ನೊಂದು ಸಂಗತಿ ಎಲ್ಲೂ ಬರೆದಿಲ್ಲ, ಇಲ್ಲಿ ಬರೆಯುತ್ತೇನೆ. ಪಾದರಸ ಅಳೆಯುವ ನೀರನ್ನು ಪ್ಲಾಸ್ಟಿಕ್ ನೀರಿನ ಬಾಟ್ಲಿಯಲ್ಲಿ ತರಬಾರದು. ಅದು ಬಾಟ್ಲಿಯ ಗೋಡೆಗೆ ಅಂಟುತ್ತದೆ, ಆವಿಯಾಗಿಯೂ ಹೋಗುತ್ತದೆ. ತೊಳೆದು ಶುದ್ಧ ಮಾಡಿದ ಗಾಜಿನ ಬಾಟ್ಲಿ ಬೇಕು, ತುಂಬಿದ ಕೂಡಲೇ ಆಮ್ಲ ಹಾಕಿಡಬೇಕು. ನಾನು ತಂದದ್ದು ರೈಲ್ವೆ ಸ್ಟೇಷನ್‌ನಲ್ಲಿ ಕುಡಿದು ಮುಗಿಸಿದ ಬಾಟ್ಲಿ. ಹೊಳೆ ಪಾಸಾಯಿತು ಅಂದೆನಲ್ಲ, ಆ ಪರೀಕ್ಷೆಯ ಹಣೆಬರಹ ಇಷ್ಟು.

ಕೆಂಪಾದ ಕೋಶಗಳು

ಪ್ರೋಬ್ ಪೇಪರ್ ಅಂದರೆ ಕೊನೆಯಲ್ಲಿ ಕೋಶಗಳ ಚಿತ್ರ ಇರಲೇಬೇಕು. ನಮ್ಮಲ್ಲಿ ಆ ಮೈಕ್ರೋಸ್ಕೋಪ್ ಇರಲಿಲ್ಲ. ಬೇರೆ ಊರಿನ ಲ್ಯಾಬಿಗೆ ಪುಟ್ಟ ಶೀಶೆಯಲ್ಲಿ ಪ್ರೋಬ್ ಕಳಿಸಿದೆವು. ತಿಂಗಳ ಮೇಲೆ ಮೂರು ಚಿತ್ರ ಬಂದವು. ಬರೀ ಕೋಶ, ಕಪ್ಪು. ಕೋಶಕ್ಕೆ ಪ್ರೋಬ್ ಹಾಕಿದ್ದು, ಕಪ್ಪು. ಪ್ರೋಬ್ ಜೊತೆ ಪಾದರಸವನ್ನೂ ಹಾಕಿದ್ದು, ಕೆಂಪು ಕೆಂಪು. ಅದನ್ನು ಪ್ರಿಂಟ್ ತೆಗೆಸಿ ಹಾಸ್ಟೆಲ್ ಗೋಡೆಗೆ ಅಂಟಿಸಿದ್ದೆ. ಆಯಿಗೆ ಕಳಿಸಿದ್ದೂ ಅದೇ.

ಮೂರನೇ ಚಿತ್ರದ ಕೋಶಗಳಿಗೆ ಉಣಿಸಿದ ಪಾದರಸ 10 ಮೈಕ್ರೊಮೋಲಾರ್. ದ್ರಾವಣ ಎಷ್ಟು ಗಟ್ಟಿ ಎಂದು ಕೆಮಿಸ್ಟ್‌ಗಳು ಹೇಳುವ ಅಳತೆ ಇದು. ಆ ಅಂಕಿಯನ್ನು ಆಗ ನಾನು ಸುಮ್ನೆ ಟೈಪ್ ಮಾಡಿದ್ದೆ. ಆಯಿ ಕೇಳಿದ ದಿನ ರಾತ್ರಿ ಕೂತು ಲೆಕ್ಕ ಹಾಕಿದೆ. ಪಾದರಸದ ಪರಮಾಣು ತೂಕ ಸುಮಾರು 200. ಹಾಗಾದರೆ ಲೀಟರಿಗೆ 2 ಮಿಲಿಗ್ರಾಂ. ನಮ್ಮ ದೇಶದಲ್ಲಿ ಕುಡಿಯುವ ನೀರಿಗೆ ಇರುವ ಮಿತಿ ಲೀಟರಿಗೆ 0.001 ಮಿಲಿಗ್ರಾಂ. ಎರಡು ಸಾವಿರ ಪಟ್ಟು! ಅಷ್ಟು ಪಾದರಸ ಇರುವ ಕಡೆ ಪ್ರೋಬ್ ಯಾಕೆ ಬೇಕು, ಅಲ್ವಾ. ಇದಕ್ಕಿಂತ ಸೂಕ್ಷ್ಮವಾದ ಪ್ರೋಬುಗಳು ಎಷ್ಟೋ ಇವೆ, ಮಿತಿಯ ಹತ್ತಿರಕ್ಕೂ ಕೆಳಕ್ಕೂ ಹೋಗುವಂಥವು. ಡಿಎನ್‌ಎಯ ಥೈಮಿನ್ ಎಂಬ ಅಕ್ಷರ ಇದೆಯಲ್ಲ, ಎರಡು ಥೈಮಿನ್ ನಡುವೆ ಪಾದರಸ ಬಂದು ಗುಂಡಿ ಹಾಕಿದ ಹಾಗೆ ಕೂರುತ್ತದೆ. 2004ರಲ್ಲಿ ಜಪಾನಿನ ಓನೊ ಮತ್ತು ತೊಗಾಶಿ ಇದನ್ನೇ ಹಿಡಿದು ಸೊಗಸಾದ ಸೆನ್ಸರ್ ಮಾಡಿದರು, ಗಂಧಕದ ಹಂಗೇ ಇಲ್ಲ. ಕೋಶದ ಚಿತ್ರಗಳಿಂದ ಉಪಯೋಗವೂ ಇದೆ. ವಿಷ ಒಳಗೆ ಹೋದ ಮೇಲೆ ಎಲ್ಲಿ ಹೋಗಿ ಕೂರುತ್ತದೆ, ಔಷಧ ಕೊಟ್ಟರೆ ಹೊರಗೆ ಬರುತ್ತದೋ ಎಂದು ಕಣ್ಣಾರೆ ನೋಡಲು ಬೇರೆ ಉಪಾಯ ಕಡಿಮೆ. ನಾನು ಹೇಳುವುದು ನನ್ನ ಗೋಡೆಯ ಚಿತ್ರದ ಬಗ್ಗೆ. ಅದು ಚೆಂದ ಇತ್ತು, ಅಷ್ಟೇ.

ಬೆಕ್ಕು

ಜಪಾನಿನ ಮಿನಮಾಟದ ಕತೆ ನಿಮಗೆ ಗೊತ್ತಿರುವುದೇ. ಕಾರ್ಖಾನೆಯ ಪಾದರಸ ಕೊಲ್ಲಿಗೆ, ಕೊಲ್ಲಿಯಿಂದ ಮೀನಿಗೆ, ಮೀನಿನಿಂದ ಮನುಷ್ಯರಿಗೆ. ನನ್ನ ತಲೆಯಲ್ಲಿ ಕೂತಿರುವುದು ಅದರ ಬೆಕ್ಕುಗಳು. 1956ರಲ್ಲಿ ಕಾಯಿಲೆ ಅಧಿಕೃತವಾಗಿ ಲೆಕ್ಕಕ್ಕೆ ಬರುವ ಮೊದಲೇ ಅಲ್ಲಿನ ಮೀನುಗಾರರ ಊರುಗಳಲ್ಲಿ ಬೆಕ್ಕುಗಳು ಹುಚ್ಚು ಹಿಡಿದ ಹಾಗೆ ಕುಣಿದು ಸತ್ತಿದ್ದವು. 1959ರಲ್ಲಿ ಕಾರ್ಖಾನೆಯ ಆಸ್ಪತ್ರೆಯ ವೈದ್ಯ ಹೊಸೊಕಾವಾ ಅದೇ ಕಾರ್ಖಾನೆಯ ಕೊಳಚೆಯನ್ನು ಒಂದು ಬೆಕ್ಕಿಗೆ ಆಹಾರದಲ್ಲಿ ಬೆರೆಸಿ ಕೊಟ್ಟು ನೋಡಿದರು. 400ನೇ ನಂಬರಿನ ಬೆಕ್ಕು. ಅದಕ್ಕೂ ಅದೇ ಆಯಿತು. ಕಂಪನಿ ಆ ಫಲಿತಾಂಶವನ್ನು ಮುಚ್ಚಿಟ್ಟಿತು. ಮೂಲ ಕಾರಣ ಕಾರ್ಖಾನೆಯ ಪಾದರಸ ಎಂದು ಸರ್ಕಾರ ಒಪ್ಪಿದ್ದು 1968ರಲ್ಲಿ. ಹೊಳೆಯುವ ಅಣು ಆಗ ಇದ್ದಿದ್ದರೆ ಏನಾದರೂ ಬದಲಾಗುತ್ತಿತ್ತಾ? ನನಗೆ ಹಾಗೆ ಅನ್ನಿಸುವುದಿಲ್ಲ. ಬೆಕ್ಕು ಸಾಕಷ್ಟು ಸ್ಪಷ್ಟವಾಗಿಯೇ ಹೇಳಿತ್ತು.

ಅದಾದ ಮೇಲೆ ನಾನು ಮೀನು ಪೇಟೆಗೆ ಹೋದಾಗಲೆಲ್ಲ ಬುಟ್ಟಿಗಳ ಸಂದಿಯಲ್ಲಿ ಓಡಾಡುವ ಬೆಕ್ಕುಗಳನ್ನು ನೋಡುತ್ತೇನೆ. ದಪ್ಪಗೆ, ಆರಾಮಾಗಿ ಇರುತ್ತವೆ. ಇದು ಪರೀಕ್ಷೆ ಅಲ್ಲ ಎಂದು ಗೊತ್ತು. ಆದರೂ ನೋಡುತ್ತೇನೆ.

ಮೋರಿಯ ಒಳಗಿರುವುದು

ಈಗ ಆಯಿಯ ಮೀನು. ಅದರಲ್ಲಿ ಪಾದರಸ ಇದ್ದರೂ ನನ್ನ ಹನಿಗೆ ಕಾಣುವುದಿಲ್ಲ. ಕಾರಣ ಮತ್ತೆ ಗಂಧಕವೇ. ಕೆಸರಿನ ಬ್ಯಾಕ್ಟೀರಿಯಾಗಳು ಪಾದರಸಕ್ಕೆ ಇಂಗಾಲದ ಬಾಲ ಸೇರಿಸಿ ಮೀಥೈಲ್ ಮರ್ಕ್ಯುರಿ ಮಾಡುತ್ತವೆ. ಅದು ಪಾಚಿಗೆ, ಪಾಚಿಯಿಂದ ಸಣ್ಣ ಮೀನಿಗೆ, ಸಣ್ಣದರಿಂದ ದೊಡ್ಡದಕ್ಕೆ ಏರುತ್ತಾ, ಏರಿದ ಹಾಗೆ ಗಟ್ಟಿಯಾಗುತ್ತಾ ಹೋಗುತ್ತದೆ. ನೀರಿನಲ್ಲಿ ಇದ್ದದ್ದಕ್ಕಿಂತ ಹತ್ತು ಲಕ್ಷ ಪಟ್ಟಿನವರೆಗೂ ದೊಡ್ಡ ಬೇಟೆ ಮೀನಿನಲ್ಲಿ ಸೇರಬಹುದು. ಹಾಗಾಗಿ ಕಾಳಿ ನೀರು ಹೊಳೆಯಲಿಲ್ಲ ಅನ್ನುವುದರಿಂದ ಮೀನಿನ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಮೀನಿನ ಮಾಂಸಕ್ಕೆ ಬಂದ ಮೇಲೆ ಅದು ಅಲ್ಲಿನ ಪ್ರೋಟೀನಿನ ಗಂಧಕವನ್ನು ಬಿಗಿಯಾಗಿ ಅಪ್ಪಿಕೊಂಡು ಕೂತಿರುತ್ತದೆ. ಹೊಟ್ಟೆ ತುಂಬಿದವರನ್ನು ಊಟಕ್ಕೆ ಕರೆದ ಹಾಗೆ ನನ್ನ ಪ್ರೋಬ್ ತನ್ನ ಗಂಧಕ ತೋರಿಸಿ ಕರೆಯುತ್ತದೆ. ಯಾರು ಬರುತ್ತಾರೆ? ತೊಳೆದರೂ ಹೋಗುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ. ನಮ್ಮ ಮೈಗೆ ಬಂದರೆ ಅರ್ಧ ಹೊರಹೋಗಲು ಒಂದೂವರೆ-ಎರಡು ತಿಂಗಳು ಬೇಕು, ಬಸುರಿಯ ಮೈಯಿಂದ ಕೂಸಿನ ಮಿದುಳಿಗೂ ದಾಟುತ್ತದೆ.

ಅದನ್ನು ಬಿಡಿಸಬೇಕಾದರೆ ಮಾಂಸವನ್ನು ತೀಕ್ಷ್ಣ ಆಮ್ಲದಲ್ಲಿ ಕರಗಿಸಿ ಮುರಿಯಬೇಕು. ಆ ಆಮ್ಲದಲ್ಲಿ ಪಾಪದ ಪ್ರೋಬೂ ಮುರಿಯುತ್ತದೆ. 2008ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು ಗಂಧಕವನ್ನೇ ಬಿಟ್ಟು, ಇಂಥ ಮುರಿಯುವ ರಾಸಾಯನಿಕಗಳನ್ನೂ ತಾಳಿಕೊಳ್ಳುವ ಪ್ರೋಬ್ ಮಾಡಿದರು. ಅದನ್ನು ಓದಿದಾಗ, ಸಮಸ್ಯೆಯನ್ನು ಕೊನೆಯಿಂದ ಹಿಂದಕ್ಕೆ ಯೋಚಿಸಿದವರು ಇವರು ಅನ್ನಿಸಿತು. ನಾವು ಹೊಳಪು ಮೊದಲು ಮಾಡಿ ಆಮೇಲೆ ಹೊಳೆ ಹುಡುಕಿದವರು. ಹಾಗಿದ್ದರೂ ದೊಡ್ಡ ಲ್ಯಾಬುಗಳಲ್ಲಿ ಮೀನು ಅಳೆಯುವುದು ಹೆಚ್ಚಾಗಿ ಬೇರೆ ಯಂತ್ರಗಳಲ್ಲೇ. ಪಾದರಸವನ್ನು ತಣ್ಣಗಿನ ಆವಿ ಮಾಡಿ ಅದು ಬೆಳಕು ನುಂಗುವುದನ್ನು ಅಳೆಯುತ್ತಾರೆ. ಒಂದು ಬಗೆಯ ಯಂತ್ರದಲ್ಲಂತೂ ಪಾದರಸದ ಪರಮಾಣುವೇ ಹೊಳೆಯುತ್ತದೆ, ಯಾವ ಬಣ್ಣದ ಸಹಾಯವೂ ಬೇಡ.

ಇಷ್ಟನ್ನೂ ಕೂಸಿಗೆ ಆರು ತಿಂಗಳಾದ ಮೇಲೆ ಆಯಿಗೆ ಫೋನಿನಲ್ಲಿ ಹೇಳಿದೆ. ದೊಡ್ಡ, ವಯಸ್ಸಾದ ಬೇಟೆ ಮೀನಿನಲ್ಲಿ ಜಾಸ್ತಿ ಇರುತ್ತದೆ, ತಾರ್ಲೆ, ಬಂಗಡೆಯಂಥ ಸಣ್ಣ ಮೀನಿನಲ್ಲಿ ಕಡಿಮೆ. ಬಸುರಿ, ಬಾಣಂತಿಯರು ಶಾರ್ಕ್ ಬಿಡಿ ಎಂದು ಅಮೆರಿಕದ ಆಹಾರ ಇಲಾಖೆ ಹೇಳುತ್ತದೆ, ಜೊತೆಗೆ ಬೇರೆ ಮೀನು ತಿನ್ನಿ, ಕೂಸಿನ ಮಿದುಳಿಗೆ ಒಳ್ಳೆಯದು ಎಂದೂ ಹೇಳುತ್ತದೆ. ಯುರೋಪಿನಲ್ಲಿ ಶಾರ್ಕ್ ಮಾಂಸಕ್ಕೆ ಮಿತಿ ಕೆ.ಜಿ.ಗೆ 1 ಮಿಲಿಗ್ರಾಂ.

"ಅಂದ್ರೆ ಮರಿ ಆದ್ರೆ ಅಡ್ಡಿಲ್ಲ ಅಂತಾಯ್ತು" ಅಂದಳು ಆಯಿ.

"ದೊಡ್ಡದಕ್ಕಿಂತ ಕಡಿಮೆ ಇರ್ತದೆ. ಅಡ್ಡಿಲ್ಲ ಅಂತ ನಾ ಹೇಳ್ಲಿಲ್ಲ."

"ಬಾಣಂತಿಗೆ ದೊಡ್ಡ ಮೋರಿ ನಾವು ಯಾವತ್ತೂ ಕೊಡೂದಿಲ್ಲ ಮಾರಾಯ್ತಿ."

ಹಿರಿಯರಿಗೆ ಮೊದಲೇ ಗೊತ್ತಿತ್ತು ಎಂದು ಇಲ್ಲಿ ಬರೆದರೆ ಲೈಕ್ ಜಾಸ್ತಿ ಬರುತ್ತದೆ, ಗೊತ್ತು. ಆದರೆ ಹಾಗಲ್ಲ. ಮರಿ ತರುವುದು ಅದು ಮೆತ್ತಗೆ ಇರುತ್ತದೆ, ಅರಗುತ್ತದೆ ಎಂದು. ಮಳೆಗಾಲದಲ್ಲಿ ಇದೇ ಮನೆಯಲ್ಲಿ ದೊಡ್ಡ ಮೋರಿಯ ಒಣಮೀನು ಎಲ್ಲರೂ ತಿನ್ನುತ್ತೇವೆ, ನಾನೂ.

ಬಾಟ್ಲಿ

ಪ್ರಯೋಗ ಮಾಡಿ ಉಳಿದ ಪಾದರಸದ ನೀರು ಏನು ಮಾಡಿದಿರಿ ಎಂದು ಆಯಿ ಕೇಳಲಿಲ್ಲ, ಸದ್ಯ. ಮೊದಲ ಕೆಲವು ವಾರ ಸಿಂಕಿಗೇ ಹೋಯಿತು. ಆ ಸಿಂಕಿನ ಪೈಪು ಎಲ್ಲಿಗೆ ಹೋಗುತ್ತಿತ್ತು ಎಂದು ನಾವು ಯಾರೂ ನೋಡಲಿಲ್ಲ. ಆಮೇಲೆ ಗೈಡ್ ಬೈದರು. ಕಂದು ಗಾಜಿನ ದೊಡ್ಡ ಬಾಟ್ಲಿ ಇಟ್ಟು, ಪಾದರಸ ತ್ಯಾಜ್ಯ ಎಂದು ನಾನೇ ಚೀಟಿ ಬರೆದು ಅಂಟಿಸಿದೆ. ತುಂಬಿದ ಮೇಲೆ ಒಯ್ಯಲು ಬರುತ್ತಾರೆ ಎಂದರು.

ಮೊನ್ನೆ ಅಲ್ಲಿ ಈಗ ಓದುತ್ತಿರುವ ಹುಡುಗಿಯೊಬ್ಬಳು ಮೆಸೇಜ್ ಮಾಡಿದ್ದಳು, ನನ್ನ ಪ್ರೋಬಿನಲ್ಲೇ ಇನ್ನೊಂದು ಗುಂಪು ಬದಲಿಸಿ ನೋಡುತ್ತಿದ್ದಾಳಂತೆ. ಬಾಟ್ಲಿ ಇದೆಯಾ ಕೇಳಿದೆ. ಫೋಟೋ ಕಳಿಸಿದಳು. ಕಪಾಟಿನ ಕೆಳಗಿನ ಹಲಗೆಯಲ್ಲಿ, ಧೂಳು ಹಿಡಿದು, ನನ್ನದೇ ಅಕ್ಷರ. ಮುಚ್ಚಳ ಸಡಿಲ ಆಗಿದೆ. ನಾನು ಬಿಟ್ಟುಬಂದಾಗ ಕತ್ತಿನವರೆಗೆ ಇತ್ತು, ಈಗ ಚೀಟಿಗಿಂತ ಎರಡು ಬೆರಳು ಕೆಳಗಿದೆ. ನೀರು ಆರಿರಬೇಕು ಅಕ್ಕ, ಅಂತ ಬರೆದಿದ್ದಾಳೆ.